ಮೇಲ್ ಬರುತ್ತದೆ, ಹೋಗುವುದಿಲ್ಲ: ಥಂಡರ್‌ಬರ್ಡ್‌ನಲ್ಲಿ ಎಸ್‌ಎಂಟಿಪಿ ತೊಡಕು ಬಿಡಿಸುವ ಬಗೆ

ಕಂಪ್ಯೂಟರಿನಲ್ಲಿ ಮೇಲ್ ನೋಡುವ ಪ್ರೋಗ್ರಾಂ ಥಂಡರ್‌ಬರ್ಡ್ ತೆರೆದರೆ ಇನ್‌ಬಾಕ್ಸ್‌ಗೆ ಹೊಸ ಮೇಲ್‌ಗಳು ಎಂದಿನಂತೆ ಬಂದು ಬೀಳುತ್ತಿರುತ್ತವೆ. ಆಡಿಟರ್‌ಗೆ ಜಿಎಸ್‌ಟಿ ಬಿಲ್‌ಗಳ ಪಿಡಿಎಫ್ ಲಗತ್ತಿಸಿ 'ಸೆಂಡ್' ಒತ್ತಿದಾಗ ಮಾತ್ರ ಸಣ್ಣ ಕಿಟಕಿಯೊಳಗೆ ಪಟ್ಟಿ ಓಡಿ ಓಡಿ, ಕೊನೆಗೆ 'ಸೆಂಡಿಂಗ್ ಆಫ್ ದಿ ಮೆಸೇಜ್ ಫೇಲ್ಡ್' ಎಂದು ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಅಕೌಂಟನ್ನೇ ಅಳಿಸಿ ಮತ್ತೆ ಸೇರಿಸುವುದು. ದಯವಿಟ್ಟು ಅದನ್ನು ಮಾಡಬೇಡಿ. ಅಕೌಂಟ್ ಪಾಪ್ ಬಗೆಯದಾಗಿದ್ದರೆ ಹಳೆಯ ಮೇಲ್‌ಗಳು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿರಬಹುದು. ಅಳಿಸುವಾಗ 'ಮೆಸೇಜ್ ಡೇಟಾ ಕೂಡ ತೆಗೆ' ಎಂಬ ಚೌಕಕ್ಕೆ ಕೈತಪ್ಪಿ ಗುರುತು ಬಿದ್ದರೆ ವರ್ಷಗಳ ಪತ್ರವ್ಯವಹಾರ ಹೋದಂತೆಯೇ. ಅಷ್ಟಾದರೂ ತೊಂದರೆ ಇದ್ದ ಕಳಿಸುವ ಸರ್ವರ್‌ನ ನಮೂದು ಪಟ್ಟಿಯಲ್ಲಿ ಹಾಗೆಯೇ ಉಳಿದುಕೊಳ್ಳುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ ಅಷ್ಟೇ.

ಮೇಲ್ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ತರುವ ಕೆಲಸ ಐಮ್ಯಾಪ್ ಅಥವಾ ಪಾಪ್ ಎಂಬ ವ್ಯವಸ್ಥೆಯದು. ಅವು ಸಾಮಾನ್ಯವಾಗಿ 993 ಮತ್ತು 995ನೇ ಪೋರ್ಟ್‌ಗಳಲ್ಲಿ, ಅಂದರೆ ಸರ್ವರ್‌ನ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ, ನಡೆಯುತ್ತವೆ. ಕಳಿಸುವುದು ಎಸ್‌ಎಂಟಿಪಿ. ಅದರ ಸರ್ವರ್‌ನ ಹೆಸರು, ಪೋರ್ಟ್, ಪಾಸ್‌ವರ್ಡ್ ನಮೂದು ಎಲ್ಲವೂ ಬೇರೆ. ಅಂಚೆಯವರು ಕಾಗದವನ್ನು ಮನೆ ಬಾಗಿಲಿಗೆ ತಂದುಕೊಡುತ್ತಾರೆ; ಸ್ಪೀಡ್ ಪೋಸ್ಟ್ ಮಾಡಬೇಕಾದರೆ ನಾವೇ ಕೌಂಟರಿಗೆ ಹೋಗಿ ನಿಲ್ಲಬೇಕು. ಬಾಗಿಲಿಗೆ ಕಾಗದ ಬಂತೆಂದ ಮಾತ್ರಕ್ಕೆ ಕೌಂಟರ್ ತೆರೆದಿದೆ ಎಂದಾಗುವುದಿಲ್ಲ. ಹಾಗಾಗಿ 'ಮೇಲ್ ಬರ್ತಾ ಇದೆಯಲ್ಲ, ಪಾಸ್‌ವರ್ಡ್ ಸರಿಯಾಗಿಯೇ ಇದೆ' ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಕಳಿಸುವ ಕಡೆ ಇಷ್ಟೊಂದು ಬಿಗಿ ಯಾಕೆ ಎಂಬುದಕ್ಕೆ ಹಳೆಯ ಕಾರಣವಿದೆ. ಜಾನ್ ಪೋಸ್ಟೆಲ್ ಅವರು 1982ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಲ್ಲಿ ಎಸ್‌ಎಂಟಿಪಿಯನ್ನು ಬರೆದಿಟ್ಟಾಗ ಅದರಲ್ಲಿ ಪಾಸ್‌ವರ್ಡ್ ಎಂಬುದೇ ಇರಲಿಲ್ಲ. ಯಾರು ಬಂದು ಕೊಟ್ಟರೂ ಸರ್ವರ್ ಕಾಗದ ತೆಗೆದುಕೊಂಡು ಮುಂದಕ್ಕೆ ಸಾಗಿಸುತ್ತಿತ್ತು. 1990ರ ದಶಕದಲ್ಲಿ ಸ್ಪ್ಯಾಮ್ ಕಳಿಸುವವರು ಈ ತೆರೆದ ಬಾಗಿಲನ್ನು ಕಂಡುಕೊಂಡರು. ಆಮೇಲೆ 1998ರಲ್ಲಿ ಬಳಕೆದಾರರು ಮೇಲ್ ಒಪ್ಪಿಸಲೆಂದೇ 587ನೇ ಪೋರ್ಟನ್ನು ಗೊತ್ತುಮಾಡಿದರು. 1999ರಲ್ಲಿ ಗುರುತು ಕೇಳುವ ಕ್ರಮವನ್ನು ಸೇರಿಸಿದರು. ಬಂದ ಮೇಲ್ ಓದಲು ಬಿಟ್ಟರೆ ಹಾನಿ ಒಬ್ಬರಿಗೆ. ಕಳಿಸಲು ಬಿಟ್ಟರೆ ಹಾನಿ ಸಾವಿರಾರು ಜನರಿಗೆ. ಆದ್ದರಿಂದ ಇಲ್ಲಿ ಸರ್ವರ್ ಕೇಳುವ ಪ್ರಶ್ನೆಗಳು ಹೆಚ್ಚು, ತಪ್ಪಿಬೀಳುವ ಜಾಗಗಳೂ ಹೆಚ್ಚು.

ಮಾತು ಎಲ್ಲಿ ಮುರಿಯಿತು?

'ಸೆಂಡ್' ಒತ್ತಿದ ಮೇಲೆ ತೆರೆಮರೆಯಲ್ಲಿ ಏನಾಗುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಿದರೆ ಮುಂದಿನದೆಲ್ಲ ಸುಲಭ. 587ನೇ ಪೋರ್ಟ್ ಎಂದಿಟ್ಟುಕೊಳ್ಳಿ. ಥಂಡರ್‌ಬರ್ಡ್ ಸರ್ವರ್‌ನ ಬಾಗಿಲು ತಟ್ಟುತ್ತದೆ. ಸರ್ವರ್ '220' ಎಂಬ ಅಂಕಿಯೊಂದಿಗೆ 'ಸಿದ್ಧ' ಎನ್ನುತ್ತದೆ. ಥಂಡರ್‌ಬರ್ಡ್ 'ಇಎಚ್‌ಎಲ್‌ಒ' ಎಂದು ಹೇಳಿ ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಸರ್ವರ್ '250' ಅಂಕಿಯ ಕೆಲವು ಸಾಲುಗಳಲ್ಲಿ ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಕೊಡುತ್ತದೆ: ಇಷ್ಟು ದೊಡ್ಡ ಮೇಲ್ ತೆಗೆದುಕೊಳ್ಳುತ್ತೇನೆ, ಸ್ಟಾರ್ಟ್‌ಟಿಎಲ್‌ಎಸ್ ಗೊತ್ತು, ಹೀಗೆ. ಥಂಡರ್‌ಬರ್ಡ್ 'ಸ್ಟಾರ್ಟ್‌ಟಿಎಲ್‌ಎಸ್' ಎನ್ನುತ್ತದೆ. ಅಲ್ಲಿಂದ ಮುಂದೆ ಮಾತೆಲ್ಲ ಗೂಢಲಿಪಿಯಲ್ಲಿ. ಮತ್ತೊಮ್ಮೆ ಪರಿಚಯ, ಈ ಸಲ ಸರ್ವರ್‌ನ ಪಟ್ಟಿಯಲ್ಲಿ 'ಆತ್' ಎಂಬ ಸಾಲು ಸೇರಿರುತ್ತದೆ, ಅಂದರೆ 'ಈಗ ಗುರುತು ತೋರಿಸು'. ಗುರುತು ಒಪ್ಪಿಗೆಯಾದರೆ '235'. ಆಮೇಲೆ ಯಾರಿಂದ, ಯಾರಿಗೆ ಎಂಬ ಎರಡು ಸಾಲು, ಒಂದೊಂದಕ್ಕೂ '250'. 'ಡೇಟಾ' ಎಂದಾಗ '354', ಅಂದರೆ 'ಒಳಗಿನದನ್ನು ಕೊಡು'. ಮೇಲ್ ಪೂರ್ತಿ ಹೋಗಿ ಕೊನೆಗೆ ಒಂದು ಸಾಲಿನಲ್ಲಿ ಒಂಟಿ ಚುಕ್ಕೆ ಬಿದ್ದ ಮೇಲೆ ಮತ್ತೆ '250'. ಅಲ್ಲಿಗೆ ಮೇಲ್ ನಿಮ್ಮ ಕೈಬಿಟ್ಟಿತು.

ಇದರಲ್ಲಿ ನಾಲ್ಕು ಹಂತಗಳಿವೆ: ಬಾಗಿಲು ಮುಟ್ಟುವುದು, ಮಾತನ್ನು ಮರೆಮಾಡುವುದು, ಗುರುತು ತೋರಿಸುವುದು, ಕಾಗದ ಒಪ್ಪಿಸುವುದು. ಒಂದು ಹಂತದ ದೋಷಕ್ಕೆ ಇನ್ನೊಂದು ಹಂತದ ಸೆಟ್ಟಿಂಗ್ ಬದಲಾಯಿಸಿದರೆ ಮೊದಲಿದ್ದ ಒಂದು ತಪ್ಪು ಎರಡಾಗುತ್ತದೆ. ಪೋರ್ಟ್ ತಪ್ಪಿದ್ದಾಗ ಪಾಸ್‌ವರ್ಡ್ ಬದಲಾಯಿಸುವುದು, ಪಾಸ್‌ವರ್ಡ್ ತಪ್ಪಿದ್ದಾಗ ಆ್ಯಂಟಿವೈರಸ್ ತೆಗೆಯುವುದು ಇಂಥ ಪೇಚಾಟಗಳೇ. ಆದ್ದರಿಂದ ದೋಷದ ಸಂದೇಶ ಬಂದ ಕೂಡಲೇ 'ಓಕೆ' ಒತ್ತಬೇಡಿ. ಪೂರ್ತಿ ಓದಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಆ ಸಂದೇಶದಲ್ಲಿ ಮೂರಂಕಿಯ ಸಂಖ್ಯೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಸರ್ವರ್ ಸಿಕ್ಕಿದೆ, ಮಾತಾಡಿದೆ, ಆಮೇಲೆ ಬೇಡವೆಂದಿದೆ. ಮೊದಲ ಅಂಕಿ 4 ಆಗಿದ್ದರೆ 'ಈಗ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ' ಎಂದು. 5 ಆಗಿದ್ದರೆ 'ಹೀಗೇ ಬಂದರೆ ಎಷ್ಟು ಸಲ ಬಂದರೂ ಇಲ್ಲ' ಎಂದು. 5ರಿಂದ ಶುರುವಾಗುವ ದೋಷಕ್ಕೆ ಮತ್ತೆ ಮತ್ತೆ 'ಸೆಂಡ್' ಒತ್ತುವುದು ದಂಡ. ಪದೇ ಪದೇ ತಪ್ಪು ಪಾಸ್‌ವರ್ಡ್ ಹೋದರೆ ಸರ್ವರ್ ನಿಮ್ಮ ಅಕೌಂಟನ್ನು ಕೆಲ ಹೊತ್ತು ತಡೆದಿಡಲೂಬಹುದು. ಸಂಖ್ಯೆಯೇ ಇಲ್ಲದೆ 'ಟೈಮ್ಡ್ ಔಟ್' ಅಥವಾ 'ಸರ್ವರ್ ಸಿಗುತ್ತಿಲ್ಲ' ಎಂದಷ್ಟೇ ಇದ್ದರೆ ಮೊದಲ ಎರಡು ಹಂತಗಳಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಬೇಕು.

ಸೆಟ್ಟಿಂಗ್ ಎಲ್ಲಿದೆ

ಥಂಡರ್‌ಬರ್ಡ್‌ನಲ್ಲಿ 'ಅಕೌಂಟ್ ಸೆಟ್ಟಿಂಗ್ಸ್' ತೆರೆದು ಎಡಗಡೆ ಪಟ್ಟಿಯ ಕೆಳಭಾಗಕ್ಕೆ ಹೋದರೆ 'ಔಟ್‌ಗೋಯಿಂಗ್ ಸರ್ವರ್' ಎಂದಿರುತ್ತದೆ. ಎಲ್ಲ ಅಕೌಂಟ್‌ಗಳ ಕಳಿಸುವ ಸರ್ವರ್‌ಗಳೂ ಅಲ್ಲಿ ಒಟ್ಟಿಗೇ ಇರುತ್ತವೆ. ಒಂದನ್ನು ಆರಿಸಿ 'ಎಡಿಟ್' ಒತ್ತಿದರೆ ಐದು ವಿವರಗಳು ಕಾಣುತ್ತವೆ: ಸರ್ವರ್ ಹೆಸರು, ಪೋರ್ಟ್, ಕನೆಕ್ಷನ್ ಸೆಕ್ಯುರಿಟಿ, ಅಥೆಂಟಿಕೇಷನ್ ಮೆಥಡ್, ಯೂಸರ್ ನೇಮ್.

ಬಹಳ ಜನ ಕಾಣದೆ ಹೋಗುವುದು ಇನ್ನೊಂದು ಕಡೆ. ಎಡಪಟ್ಟಿಯಲ್ಲಿ ನಿಮ್ಮ ಮೇಲ್ ವಿಳಾಸದ ಮೇಲೆಯೇ ಕ್ಲಿಕ್ ಮಾಡಿ ಬಲಗಡೆಯ ಪುಟದ ತಳ ನೋಡಿ. ಈ ಅಕೌಂಟ್ ಯಾವ ಸರ್ವರ್ ಮೂಲಕ ಕಳಿಸಬೇಕು ಎಂಬ ಆಯ್ಕೆ ಅಲ್ಲಿದೆ. ಆಫೀಸಿನ ವಿಳಾಸವೂ ಜಿಮೇಲೂ ಒಂದೇ ಕಂಪ್ಯೂಟರಿನಲ್ಲಿದ್ದರೆ, ಆಫೀಸಿನ ಮೇಲ್ ಜಿಮೇಲ್ ಸರ್ವರ್ ಮೂಲಕ ಹೋಗುವಂತೆ ಇಲ್ಲಿ ತಪ್ಪಿ ಕೂತಿರುತ್ತದೆ. ನೀವು ಆಫೀಸ್ ಸರ್ವರ್‌ನ ಸೆಟ್ಟಿಂಗನ್ನು ಎಷ್ಟು ತಿದ್ದಿದರೂ ಏನೂ ಬದಲಾಗದಿದ್ದರೆ ಕಾರಣ ಹೆಚ್ಚಾಗಿ ಇದೇ: ಬಳಕೆಯಲ್ಲಿಲ್ಲದ ಸರ್ವರನ್ನು ತಿದ್ದುತ್ತಿರುತ್ತೀರಿ. ಒಂದೇ ಅಕೌಂಟಿಗೆ 'ಮ್ಯಾನೇಜ್ ಐಡೆಂಟಿಟೀಸ್' ಅಡಿಯಲ್ಲಿ ಎರಡು ಮೂರು ಹೆಸರು ಮಾಡಿಕೊಂಡಿದ್ದರೆ ಒಂದೊಂದಕ್ಕೂ ಕಳಿಸುವ ಸರ್ವರ್ ಬೇರೆಯಾಗಿಯೇ ಇರಬಹುದು; ಅದನ್ನೂ ನೋಡಬೇಕು.

ಬಾಗಿಲು ಮುಟ್ಟದಿದ್ದಾಗ

ಸರ್ವರ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ, ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಬಾಗಿಲು ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ವಿವರವನ್ನು ಕಾಪಿ ಮಾಡಿ ಅಂಟಿಸಿದಾಗ ಕಣ್ಣಿಗೆ ಕಾಣದ ಅಕ್ಷರಗಳೂ ಸೇರಿಕೊಂಡು ಬರುತ್ತವೆ. ಹೆಸರನ್ನು ಕೈಯಾರೆ ಟೈಪ್ ಮಾಡುವುದೇ ಒಳ್ಳೆಯದು.

ಹೆಸರು ಸರಿ ಇದ್ದರೆ ಮುಂದಿನ ಅನುಮಾನ ನೆಟ್‌ವರ್ಕ್. ಇದಕ್ಕೆ ಎರಡು ನಿಮಿಷದ ಪರೀಕ್ಷೆಯಿದೆ. ಕಂಪ್ಯೂಟರನ್ನು ಆಫೀಸಿನ ವೈಫೈಯಿಂದ ಬಿಡಿಸಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ, ಅದೇ ಮೇಲ್ ಕಳಿಸಿ. ಹೋಯಿತೆಂದರೆ ನಿಮ್ಮ ಸೆಟ್ಟಿಂಗ್‌ನಲ್ಲಿ ತಪ್ಪಿಲ್ಲ. ಆಫೀಸ್, ಕಾಲೇಜು ಅಥವಾ ಹಾಸ್ಟೆಲ್‌ನ ನೆಟ್‌ವರ್ಕ್ ಆ ಪೋರ್ಟನ್ನು ಮುಚ್ಚಿದೆ. ಅದರಲ್ಲೂ 25ನೇ ಪೋರ್ಟ್ ಹಾಕಿದ್ದರೆ ಅಚ್ಚರಿಪಡಬೇಕಾದ್ದೇ ಇಲ್ಲ. ಅದು ಸರ್ವರ್‌ಗಳು ಪರಸ್ಪರ ಮಾತಾಡುವ ಪೋರ್ಟ್. ವೈರಸ್ ಹೊಕ್ಕ ಮನೆಯ ಕಂಪ್ಯೂಟರ್‌ಗಳು ಅದರ ಮೂಲಕ ಸ್ಪ್ಯಾಮ್ ಸುರಿಸಬಾರದೆಂದು ಇಂಟರ್ನೆಟ್ ಕೊಡುವ ಅನೇಕ ಕಂಪನಿಗಳು ಅದನ್ನು ಮುಚ್ಚಿಟ್ಟಿರುತ್ತವೆ. ಹಳೆಯ ಕೈಪಿಡಿಯಲ್ಲಿ 25 ಎಂದಿದ್ದರೆ ಹೊಡೆದುಹಾಕಿ, 587 ಅಥವಾ 465 ಹಾಕಿ.

ವಿಂಡೋಸ್‌ನಲ್ಲಿ ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಪವರ್‌ಶೆಲ್ ತೆರೆದು 'ಟೆಸ್ಟ್-ನೆಟ್‌ಕನೆಕ್ಷನ್' ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಮುಂದೆ ಸರ್ವರ್ ಹೆಸರು, ಆಮೇಲೆ '-ಪೋರ್ಟ್ 587' ಎಂದು ಸೇರಿಸಿ ಎಂಟರ್ ಒತ್ತಿ. ಕೊನೆಯ ಸಾಲಿನಲ್ಲಿ 'ಟಿಸಿಪಿ ಟೆಸ್ಟ್ ಸಕ್ಸೀಡೆಡ್' ಎದುರಿಗೆ 'ಟ್ರೂ' ಎಂದು ಬಂದರೆ ಬಾಗಿಲು ತೆರೆದಿದೆ. 'ಫಾಲ್ಸ್' ಎಂದು ಬಂದರೆ ಥಂಡರ್‌ಬರ್ಡ್ ಮುಟ್ಟಬೇಡಿ, ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ.

ಪೋರ್ಟಿಗೂ ಸೆಕ್ಯುರಿಟಿಗೂ ಜೋಡಿ ತಪ್ಪಿದಾಗ

ಕೈಯಿಂದ ಸೆಟ್ಟಿಂಗ್ ತುಂಬಿದವರ ಅತಿ ಸಾಮಾನ್ಯ ತಪ್ಪು ಇದು. ನೆನಪಿಡಬೇಕಾದ ಜೋಡಿ ಎರಡೇ. 587 ಹಾಕಿದರೆ 'ಸ್ಟಾರ್ಟ್‌ಟಿಎಲ್‌ಎಸ್'. 465 ಹಾಕಿದರೆ 'ಎಸ್‌ಎಸ್‌ಎಲ್/ಟಿಎಲ್‌ಎಸ್'. ಎರಡೂ ಕೊನೆಗೆ ಅದೇ ಬಗೆಯ ಗೂಢಲಿಪಿಯನ್ನೇ ಬಳಸುತ್ತವೆ. ವ್ಯತ್ಯಾಸ ಯಾವಾಗ ಶುರು ಎಂಬುದರಲ್ಲಿ. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ. 587ರಲ್ಲಿ ಮೊದಲು ಬರಿಮಾತಿನಲ್ಲಿ ಪರಿಚಯ, ಆಮೇಲೆ ಗೂಢಲಿಪಿ.

ಜೋಡಿ ಅದಲುಬದಲಾದರೆ ಏನಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ, ಪತ್ತೆಹಚ್ಚಲೂ ಅನುಕೂಲ. 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕಿದ್ದೀರಿ ಎನ್ನೋಣ. ಸರ್ವರ್ '220' ಎನ್ನಲಿ ಎಂದು ಥಂಡರ್‌ಬರ್ಡ್ ಕಾಯುತ್ತದೆ. ಮೊದಲು ಗೂಢಲಿಪಿ ಶುರುಮಾಡಲಿ ಎಂದು ಸರ್ವರ್ ಕಾಯುತ್ತದೆ. 'ನೀವು ಮೊದಲು' 'ಇಲ್ಲ ನೀವೇ ಮೊದಲು' ಎಂದು ಬಾಗಿಲಲ್ಲಿ ಇಬ್ಬರೂ ನಿಂತಂತೆ. ಪಟ್ಟಿ ಓಡುತ್ತಲೇ ಇರುತ್ತದೆ, ಬಹಳ ಹೊತ್ತಾದ ಮೇಲೆ 'ಟೈಮ್ಡ್ ಔಟ್'. ಅದೇ 587ಕ್ಕೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಹಾಕಿದರೆ ಥಂಡರ್‌ಬರ್ಡ್ ಗೂಢಲಿಪಿಯಲ್ಲಿ ಶುರುಮಾಡುತ್ತದೆ, ಅತ್ತಲಿಂದ ಬರಿಮಾತಿನ '220' ಬರುತ್ತದೆ, ಅದು ಇದಕ್ಕೆ ಅರ್ಥವಾಗುವುದಿಲ್ಲ, ಕೂಡಲೇ ಸಂಬಂಧ ಮುರಿಯುತ್ತದೆ. ಎಳೆದೆಳೆದು ಸೋತರೆ ಮೊದಲನೆಯದು, ತಟ್ಟನೆ ಸೋತರೆ ಎರಡನೆಯದು ಎಂದು ಅಂದಾಜು ಮಾಡಬಹುದು.

ಸೆಕ್ಯುರಿಟಿಯನ್ನು 'ನನ್' ಎಂದಿಟ್ಟರೆ ಇನ್ನೊಂದು ಬಗೆಯ ಗೊಂದಲ. ಜಿಮೇಲ್‌ನಂಥ ಸರ್ವರ್‌ಗಳು ಗೂಢಲಿಪಿ ಶುರುವಾಗುವ ತನಕ 'ಆತ್' ಸಾಲನ್ನೇ ತೋರಿಸುವುದಿಲ್ಲ. ಆಗ ಥಂಡರ್‌ಬರ್ಡ್ 'ಈ ಸರ್ವರ್ ಪಾಸ್‌ವರ್ಡ್ ಗುರುತನ್ನು ಬೆಂಬಲಿಸುವುದಿಲ್ಲ' ಎಂಬರ್ಥದ ಸಂದೇಶ ಕೊಡುತ್ತದೆ, ಇಲ್ಲವೇ ಸರ್ವರ್ '530, ಮೊದಲು ಸ್ಟಾರ್ಟ್‌ಟಿಎಲ್‌ಎಸ್ ಹೇಳು' ಎನ್ನುತ್ತದೆ. ಅದನ್ನು ಓದಿ ಅಥೆಂಟಿಕೇಷನ್ ಆಯ್ಕೆಯನ್ನು ತೆಗೆದುಹಾಕಿದರೆ ಇನ್ನಷ್ಟು ಕೆಡುತ್ತದೆ. ತಿದ್ದಬೇಕಾದ್ದು ಅದರ ಮೇಲಿನ ಸಾಲು. ಇಷ್ಟಕ್ಕೂ 'ನನ್' ಇಟ್ಟು ಮೇಲ್ ಹೋಗುವಂಥ ಸರ್ವರ್ ಸಿಕ್ಕರೂ ಹಾಗೆ ಬಿಡಬಾರದು. ಹೋಟೆಲಿನ ವೈಫೈಯಲ್ಲಿ ನಿಮ್ಮ ಪಾಸ್‌ವರ್ಡ್ ಬಯಲಾದಂತೆ.

465ರ ಬಗ್ಗೆ ಹಳೆಯ ಪುಸ್ತಕಗಳಲ್ಲಿ 'ಇದು ರದ್ದಾದ ಪೋರ್ಟ್' ಎಂದು ಬರೆದಿರುವುದನ್ನು ನೋಡಬಹುದು. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 2018ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 8314, ಮೊದಲಕ್ಷರದಿಂದ ಗೂಢಲಿಪಿ ಇರುವ ಕ್ರಮವೇ ಲೇಸೆಂದು 465ನ್ನು ಮತ್ತೆ ಮಾನ್ಯಮಾಡಿತು. ನಿಮ್ಮ ಸರ್ವರ್ ಎರಡನ್ನೂ ಕೊಡುವುದಾದರೆ 465 ಇರಲಿ.

ಸರ್ಟಿಫಿಕೇಟ್ ತಕರಾರು

ಗೂಢಲಿಪಿ ಶುರುವಾಗುವಾಗ ಸರ್ವರ್ ತಾನು ಯಾರೆಂದು ತಿಳಿಸುವ ಸರ್ಟಿಫಿಕೇಟ್ ತೋರಿಸುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಎಚ್ಚರಿಕೆಯ ಕಿಟಕಿ ಬರುತ್ತದೆ. 'ಕನ್ಫರ್ಮ್ ಎಕ್ಸೆಪ್ಷನ್' ಒತ್ತಿ ಮುಂದೆ ಹೋಗುವ ಮೊದಲು ಕಾರಣ ನೋಡಿ.

ಮೊದಲು ಕಂಪ್ಯೂಟರಿನ ಗಡಿಯಾರ ನೋಡಬೇಕು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಸಿಆರ್2032 ಸೆಲ್ ಇರುತ್ತದೆ. ಅದು ಸತ್ತರೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆ ತಾರೀಖಿನ ಲೆಕ್ಕದಲ್ಲಿ ಸರ್ವರ್‌ನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರುವುದಿಲ್ಲ. ಸೆಲ್ ಬದಲಾಯಿಸಿದರೆ ಮುಗಿಯಿತು.

ಎರಡನೆಯದು ಆ್ಯಂಟಿವೈರಸ್. ಕೆಲವು ಆ್ಯಂಟಿವೈರಸ್‌ಗಳು ಹೊರಹೋಗುವ ಮೇಲ್ ತಪಾಸಣೆಗೆಂದು ಮಧ್ಯೆ ಕೂತು ತಮ್ಮದೇ ಸರ್ಟಿಫಿಕೇಟ್ ಕೊಡುತ್ತವೆ. ಎಚ್ಚರಿಕೆಯ ಕಿಟಕಿಯಲ್ಲಿ ಸರ್ಟಿಫಿಕೇಟ್ ತೆರೆದು 'ಇಷ್ಯೂಡ್ ಬೈ' ಎಂಬಲ್ಲಿ ಓದಿ. ಅಲ್ಲಿ ಆ್ಯಂಟಿವೈರಸ್ ಹೆಸರಿದ್ದರೆ ಅದರ ಮೇಲ್ ತಪಾಸಣೆಯನ್ನಷ್ಟೇ ನಿಲ್ಲಿಸಿ ನೋಡಿ. ಇಡೀ ಆ್ಯಂಟಿವೈರಸ್ ಕಿತ್ತುಹಾಕಬೇಕಾಗಿಲ್ಲ.

ಸ್ವಂತ ಡೊಮೇನ್ ಇಟ್ಟುಕೊಂಡು ಹಂಚಿಕೆಯ ಹೋಸ್ಟಿಂಗ್‌ನಲ್ಲಿರುವ ಸಣ್ಣ ಸಂಸ್ಥೆಗಳಿಗೆ ಮೂರನೆಯ ಕಾರಣ ಬಾಧಿಸುತ್ತದೆ. ನೀವು 'ಮೇಲ್ ಡಾಟ್ ನಿಮ್ಮ-ಡೊಮೇನ್' ಎಂದು ಹಾಕಿರುತ್ತೀರಿ, ಸರ್ಟಿಫಿಕೇಟ್ ಮಾತ್ರ ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರಿನಲ್ಲಿರುತ್ತದೆ. ಹೋಸ್ಟಿಂಗ್‌ನವರು ಕೊಟ್ಟ ನಿಜವಾದ ಸರ್ವರ್ ಹೆಸರನ್ನೇ ಹಾಕಿದರೆ ತಕರಾರು ಇರುವುದಿಲ್ಲ. ಇನ್ನು 2020ರಲ್ಲಿ ಬಂದ ಥಂಡರ್‌ಬರ್ಡ್ 78ರಿಂದ ಗೂಢಲಿಪಿಯ ಹಳೆಯ ಆವೃತ್ತಿಗಳಾದ ಟಿಎಲ್‌ಎಸ್ 1.0 ಮತ್ತು 1.1 ನಿಂತಿವೆ. ಅಪ್‌ಡೇಟ್ ಆದ ಮರುದಿನವೇ ಹಳೆಯ ಆಫೀಸ್ ಸರ್ವರ್ ಸಿಗದಂತಾದರೆ ಕಾರಣ ಅದಿರಬಹುದು, ಸರಿಪಡಿಸಬೇಕಾದ್ದು ಸರ್ವರನ್ನು.

ಗುರುತು ಒಪ್ಪಿಗೆಯಾಗದಿದ್ದಾಗ

'535' ಬಂತೆಂದರೆ ಹಿಂದಿನದೆಲ್ಲ ಸರಿ ಇದೆ, ಗುರುತಿನದಷ್ಟೇ ತೊಂದರೆ. ಮೊದಲು ಯೂಸರ್ ನೇಮ್. ಇವತ್ತು ಹೆಚ್ಚಿನ ಕಡೆ ಪೂರ್ತಿ ಮೇಲ್ ವಿಳಾಸವೇ ಯೂಸರ್ ನೇಮ್. 'ಅಟ್' ಚಿಹ್ನೆಗಿಂತ ಹಿಂದಿನ ಭಾಗ ಮಾತ್ರ ಹಾಕಿದರೆ ನಡೆಯುವುದಿಲ್ಲ.

ಆಮೇಲೆ ಅಥೆಂಟಿಕೇಷನ್ ಮೆಥಡ್. ಈ ಪಟ್ಟಿಯಲ್ಲಿ 'ನಾರ್ಮಲ್ ಪಾಸ್‌ವರ್ಡ್', 'ಎನ್‌ಕ್ರಿಪ್ಟೆಡ್ ಪಾಸ್‌ವರ್ಡ್' ಎಂಬ ಎರಡು ಆಯ್ಕೆಗಳಿವೆ. ಹೆಸರು ನೋಡಿ ಎರಡನೆಯದೇ ಸುರಕ್ಷಿತ ಎಂದು ಆರಿಸಿ ಪೇಚಿಗೆ ಬೀಳುವವರು ಬಹಳ. ಅದು ಗೂಢಲಿಪಿಯ ದಾರಿಯೇ ಇಲ್ಲದ ಕಾಲದಲ್ಲಿ ಪಾಸ್‌ವರ್ಡ್ ಒಂದನ್ನಾದರೂ ಮರೆಮಾಡಲು ಮಾಡಿದ ಹಳೆಯ ಉಪಾಯ. ಇಂದಿನ ಬಹುತೇಕ ಸರ್ವರ್‌ಗಳು ಅದನ್ನು ಒಪ್ಪುವುದಿಲ್ಲ. ಸ್ಟಾರ್ಟ್‌ಟಿಎಲ್‌ಎಸ್ ಅಥವಾ ಎಸ್‌ಎಸ್‌ಎಲ್/ಟಿಎಲ್‌ಎಸ್ ಇದ್ದಾಗ ದಾರಿಯೇ ಮುಚ್ಚಿರುವುದರಿಂದ 'ನಾರ್ಮಲ್ ಪಾಸ್‌ವರ್ಡ್' ಎಂದರೂ ಪಾಸ್‌ವರ್ಡ್ ಬಯಲಾಗುವುದಿಲ್ಲ.

ದೊಡ್ಡ ಸೇವೆಗಳಲ್ಲಿ ಈಗ ಮಾಮೂಲಿ ಪಾಸ್‌ವರ್ಡ್ ನಡೆಯುವುದೇ ಇಲ್ಲ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಅಕೌಂಟ್‌ಗಳಿಗೆ ಅದನ್ನು ನಿಲ್ಲಿಸಿತು. ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ನಿಲ್ಲಿಸಿತು. ಎರಡಕ್ಕೂ 'ಓಆತ್2' ಆರಿಸಿ. ಆಗ ಥಂಡರ್‌ಬರ್ಡ್ ಒಂದು ಲಾಗಿನ್ ಕಿಟಕಿ ತೆರೆಯುತ್ತದೆ. ಪಾಸ್‌ವರ್ಡನ್ನು ನೀವು ಗೂಗಲ್ ಅಥವಾ ಮೈಕ್ರೋಸಾಫ್ಟ್‌ಗೆ ನೇರವಾಗಿ ಕೊಡುತ್ತೀರಿ, ಥಂಡರ್‌ಬರ್ಡ್‌ಗೆ ಸಿಗುವುದು ಪಾಸ್‌ವರ್ಡ್ ಬದಲಿಗೆ ನಡೆಯುವ ಒಂದು ಟೋಕನ್. ಆ ಕಿಟಕಿ ಖಾಲಿಯಾಗಿ ಬಂದರೆ, ಬಂದಂತೆ ಮುಚ್ಚಿದರೆ 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ'ಯಲ್ಲಿ ಕುಕೀ ಸ್ವೀಕರಿಸುವ ಆಯ್ಕೆಗೆ ಗುರುತಿದೆಯೇ ನೋಡಿ. ಕುಕೀ ಇಲ್ಲದೆ ಈ ಲಾಗಿನ್ ನಡೆಯದು.

ಓಆತ್2 ಬಾರದ ಹಳೆಯ ಪ್ರೋಗ್ರಾಂ ಬಳಸುವವರಿಗೆ ಜಿಮೇಲ್‌ನಲ್ಲಿ 'ಆ್ಯಪ್ ಪಾಸ್‌ವರ್ಡ್' ಎಂಬ ದಾರಿಯಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿದ ಮೇಲೆ ಗೂಗಲ್ 16 ಅಕ್ಷರಗಳ ಪಾಸ್‌ವರ್ಡ್ ಒಂದನ್ನು ಒಂದೇ ಸಲ ತೋರಿಸುತ್ತದೆ. ನಾಲ್ಕು ನಾಲ್ಕು ಅಕ್ಷರ ಬಿಡಿಸಿ ತೋರಿಸಿದರೂ ನಡುವೆ ಜಾಗ ಬಿಡದೆ ಹಾಕಿ. '534' ಎಂಬ ದೋಷದ ಜೊತೆ 'ಆ್ಯಪ್ಲಿಕೇಷನ್ ಸ್ಪೆಸಿಫಿಕ್ ಪಾಸ್‌ವರ್ಡ್' ಎಂಬ ಮಾತು ಬಂದರೆ ಸರ್ವರ್ ಕೇಳುತ್ತಿರುವುದು ಇದನ್ನೇ. ಒಂದು ಮಾತು ನೆನಪಿರಲಿ: ಗೂಗಲ್ ಅಕೌಂಟಿನ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಹಿಂದೆ ಮಾಡಿಕೊಂಡ ಆ್ಯಪ್ ಪಾಸ್‌ವರ್ಡ್‌ಗಳು ರದ್ದಾಗುತ್ತವೆ. 'ನಿನ್ನೆವರೆಗೂ ಹೋಗ್ತಿತ್ತು, ಏನೂ ಮುಟ್ಟಿಲ್ಲ' ಎನ್ನುವ ಎಷ್ಟೋ ಪ್ರಕರಣಗಳಲ್ಲಿ ಮೊಬೈಲಿನಲ್ಲಿ ಯಾರೋ ಪಾಸ್‌ವರ್ಡ್ ಬದಲಾಯಿಸಿರುತ್ತಾರೆ.

ಸಂಸ್ಥೆಯ ಮೈಕ್ರೋಸಾಫ್ಟ್ 365 ಅಕೌಂಟ್‌ನಲ್ಲಿ '535 5.7.139' ಎಂದು ಬಂದು, ಜೊತೆಗೆ ಎಸ್‌ಎಂಟಿಪಿ ಗುರುತಿನ ವ್ಯವಸ್ಥೆ 'ಡಿಸೇಬಲ್ಡ್' ಎಂದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಮಾಡುವುದೇನೂ ಇಲ್ಲ, ಅಡ್ಮಿನ್ ತೆರೆದುಕೊಡಬೇಕು. ಝೋಹೋ ಮೇಲ್ ಸೇವೆಯಲ್ಲಿ ಭಾರತದ ಡೇಟಾ ಸೆಂಟರ್‌ನಲ್ಲಿರುವ ಅಕೌಂಟಿಗೆ ಸರ್ವರ್ ಹೆಸರು 'ಡಾಟ್ ಇನ್' ಎಂದು ಕೊನೆಯಾಗಬೇಕು. ಬೇರೆಡೆಯ ಕೈಪಿಡಿ ನೋಡಿ 'ಡಾಟ್ ಕಾಮ್' ಹಾಕಿದರೆ ಅಲ್ಲಿ ನಿಮ್ಮ ಹೆಸರೇ ಇರುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ 535.

ಥಂಡರ್‌ಬರ್ಡ್ ನೆನಪಿಟ್ಟುಕೊಂಡ ಹಳೆಯ ಪಾಸ್‌ವರ್ಡ್ ಕೂಡ ಕಾಡುತ್ತದೆ. 'ಸೆಟ್ಟಿಂಗ್ಸ್', 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ', 'ಸೇವ್ಡ್ ಪಾಸ್‌ವರ್ಡ್ಸ್' ಎಂದು ಹೋದರೆ ಐಮ್ಯಾಪ್‌ಗೆ ಒಂದು, ಎಸ್‌ಎಂಟಿಪಿಗೆ ಒಂದು ನಮೂದು ಬೇರೆ ಬೇರೆ ಇರುವುದು ಕಾಣುತ್ತದೆ. ಎಸ್‌ಎಂಟಿಪಿ ಎಂದು ಶುರುವಾಗುವುದನ್ನು ಮಾತ್ರ ಅಳಿಸಿ, ಥಂಡರ್‌ಬರ್ಡ್ ಮುಚ್ಚಿ ತೆರೆದು ಕಳಿಸಿ. ಅದು ಹೊಸದಾಗಿ ಕೇಳುತ್ತದೆ. ಓಆತ್2 ಬಳಸುವವರಿಗೆ 'ಓಆತ್' ಎಂದು ಶುರುವಾಗುವ ನಮೂದು ಇರುತ್ತದೆ, ಅದನ್ನು ಅಳಿಸಬೇಕು.

ಕನ್ನಡದಲ್ಲಿ ಟೈಪ್ ಮಾಡುವವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ಪತ್ರವನ್ನು ಕನ್ನಡದಲ್ಲಿ ಬರೆದು ಮುಗಿಸಿ 'ಸೆಂಡ್' ಒತ್ತಿದಾಗ ಪಾಸ್‌ವರ್ಡ್ ಕೇಳಿದರೆ, ಕೀಲಿಮಣೆ ಇನ್ನೂ ಕನ್ನಡದಲ್ಲೇ ಇರುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆಗಳು ಬೀಳುವುದರಿಂದ ಒಳಗೆ ಕನ್ನಡ ಅಕ್ಷರ ಹೋದದ್ದು ಗೊತ್ತೇ ಆಗುವುದಿಲ್ಲ. ಅನುಮಾನ ಬಂದರೆ ಪಾಸ್‌ವರ್ಡನ್ನು ಮೊದಲು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ ಕಣ್ಣಾರೆ ನೋಡಿ, ಕಾಪಿ ಮಾಡಿ ಅಂಟಿಸಿ, ಆ ನೋಟ್‌ಪ್ಯಾಡನ್ನು ಉಳಿಸದೆ ಮುಚ್ಚಿ.

ಗುರುತಾಯಿತು, ಕಾಗದ ಬೇಡವೆಂದಿತು

'550' ಅಥವಾ '554'ರ ಜೊತೆ 'ರಿಲೇ' (ಮೇಲನ್ನು ಮುಂದಕ್ಕೆ ಸಾಗಿಸುವುದು) ಎಂಬ ಪದವಿದ್ದರೆ ಸರ್ವರ್ ನಿಮ್ಮನ್ನು ತನ್ನವರೆಂದು ತಿಳಿದಿಲ್ಲ. ಅಥೆಂಟಿಕೇಷನ್ ಆಯ್ಕೆ 'ನೋ ಅಥೆಂಟಿಕೇಷನ್' ಎಂದು ಕೂತಿರುತ್ತದೆ. '553' ಬಂದರೆ 'ಫ್ರಂ' ಜಾಗದ ವಿಳಾಸಕ್ಕೂ ಲಾಗಿನ್ ಆದ ವಿಳಾಸಕ್ಕೂ ತಾಳೆಯಾಗುತ್ತಿಲ್ಲ. ಆಗಲೇ ಹೇಳಿದ ತಪ್ಪು ಸರ್ವರ್ ಆಯ್ಕೆಗೆ ಇದೂ ಒಂದು ಲಕ್ಷಣ. ಜಿಮೇಲ್ ಇಂಥ ಕಡೆ ತಕರಾರು ಮಾಡದೆ 'ಫ್ರಂ' ವಿಳಾಸವನ್ನೇ ಜಿಮೇಲ್ ವಿಳಾಸವಾಗಿ ಬದಲಾಯಿಸಿ ಕಳಿಸಿಬಿಡುತ್ತದೆ. ಆಫೀಸಿನ ಹೆಸರಿನಲ್ಲಿ ಕಳಿಸಿದ ಕೊಟೇಷನ್ ನಿಮ್ಮ ವೈಯಕ್ತಿಕ ವಿಳಾಸದಿಂದ ಹೋದದ್ದು ಎದುರಿನವರು ಹೇಳಿದಾಗಲೇ ಗೊತ್ತಾಗುತ್ತದೆ.

'552' ಎಂದರೆ ಸಾಮಾನ್ಯವಾಗಿ ಮೇಲ್ ದೊಡ್ಡದಾಯಿತು. ಇಲ್ಲಿ ಒಂದು ಲೆಕ್ಕ ತಪ್ಪುತ್ತದೆ. ಲಗತ್ತಿಸಿದ ಫೈಲನ್ನು ಮೇಲ್‌ನೊಳಗೆ ಅಕ್ಷರಗಳಾಗಿ ಮಾರ್ಪಡಿಸಿ ಕಳಿಸಬೇಕಾಗುತ್ತದೆ. ಹಾಗೆ ಮಾಡಿದಾಗ ಪ್ರತಿ 3 ಬೈಟ್ 4 ಅಕ್ಷರವಾಗುತ್ತದೆ. 20 ಎಂಬಿಯ ಸ್ಕ್ಯಾನ್ ದಾರಿಯಲ್ಲಿ ಸುಮಾರು 27 ಎಂಬಿ. ಸರ್ವರ್ ಮಿತಿ 25 ಎಂಬಿ ಎಂದಿದ್ದು 20ರ ಫೈಲ್ ತಿರಸ್ಕಾರವಾದರೆ ಸರ್ವರ್ ಸುಳ್ಳು ಹೇಳುತ್ತಿಲ್ಲ. ಇನ್ನು ವೈಯಕ್ತಿಕ ಜಿಮೇಲ್‌ನಿಂದ ದಿನಕ್ಕೆ 500 ಮೇಲ್‌ಗಳ ಮಿತಿಯಿದೆ. ಸಂಘದ ಸದಸ್ಯರಿಗೆಲ್ಲ ಆಮಂತ್ರಣ ಕಳಿಸುವಾಗ 'ಡೈಲಿ ಕೋಟಾ' ಎಂದು ಬಂದರೆ ಒಂದು ದಿನ ಕಾಯುವುದೇ ದಾರಿ.

ತಪ್ಪು ಎಸ್‌ಎಂಟಿಪಿಯದಲ್ಲದಿದ್ದಾಗ

ಕೆಲವೊಮ್ಮೆ ಥಂಡರ್‌ಬರ್ಡ್ 'ಮೇಲ್ ಹೋಯಿತು, ಪ್ರತಿಯನ್ನು ಸೆಂಟ್ ಫೋಲ್ಡರ್‌ಗೆ ಇಡಲಾಗಲಿಲ್ಲ' ಎಂಬರ್ಥದ ಕಿಟಕಿ ತೋರಿಸುತ್ತದೆ. ಪೂರ್ತಿ ಓದದೆ ಮತ್ತೆ ಕಳಿಸಿದರೆ ಎದುರಿನವರಿಗೆ ಅದೇ ಮೇಲ್ ಎರಡು ಮೂರು ಸಲ ಹೋಗುತ್ತದೆ. ಕಳಿಸಿದ್ದು ಎಸ್‌ಎಂಟಿಪಿ, ಪ್ರತಿ ಇಡುವುದು ಐಮ್ಯಾಪ್, ತೊಂದರೆ ಎರಡನೆಯದರಲ್ಲಿ. 'ಕಾಪೀಸ್ ಆ್ಯಂಡ್ ಫೋಲ್ಡರ್ಸ್' ಪುಟದಲ್ಲಿ ಸೆಂಟ್ ಫೋಲ್ಡರನ್ನು ಮತ್ತೆ ಆರಿಸಿ.

ಸ್ವಲ್ಪ ಹೊತ್ತಿನ ನಂತರ 'ಮೇಲರ್ ಡೀಮನ್' ಹೆಸರಿನಲ್ಲಿ ಮೇಲ್ ವಾಪಸ್ ಬಂದರೆ ನಿಮ್ಮ ಸೆಟ್ಟಿಂಗ್ ಸರಿಯಿದೆ ಎಂದೇ ಅರ್ಥ. ಮೇಲ್ ನಿಮ್ಮ ಸರ್ವರ್ ತಲುಪಿತು. ಅಲ್ಲಿಂದ ಮುಂದೆ ಎದುರಿನ ವಿಳಾಸ ತಪ್ಪಿರಬಹುದು, ಪೆಟ್ಟಿಗೆ ತುಂಬಿರಬಹುದು.

ದೋಷವೂ ಇಲ್ಲ, ಮೇಲೂ ಹೋಗಿಲ್ಲ ಎಂದಾದರೆ 'ವರ್ಕ್ ಆಫ್‌ಲೈನ್' ಆನ್ ಆಗಿದೆಯೇ, 'ಲೋಕಲ್ ಫೋಲ್ಡರ್ಸ್' ಅಡಿಯ 'ಔಟ್‌ಬಾಕ್ಸ್'ನಲ್ಲಿ ಮೇಲ್ ಕೂತಿದೆಯೇ ನೋಡಿ. ವಿಂಡೋಸ್‌ನ ಹಳೆಯ ಬಗೆಯ ಔಟ್‌ಲುಕ್‌ನಲ್ಲಿ ಔಟ್‌ಬಾಕ್ಸ್‌ನ ಮೇಲ್ ಓರೆ ಅಕ್ಷರದಲ್ಲಿದ್ದರೆ ಮಾತ್ರ ಹೋಗುವ ಸಾಲಿನಲ್ಲಿದೆ ಎಂದು. ಅದನ್ನು ತೆರೆದು ನೋಡಿ ಮುಚ್ಚಿದರೆ ಅಕ್ಷರ ನೆಟ್ಟಗಾಗಿ ಸಾಲಿನಿಂದ ಹೊರಬೀಳುತ್ತದೆ. ಮತ್ತೆ ತೆರೆದು 'ಸೆಂಡ್' ಒತ್ತಬೇಕು. ಅದೇ ಔಟ್‌ಲುಕ್‌ನಲ್ಲಿ 'ಮೋರ್ ಸೆಟ್ಟಿಂಗ್ಸ್', 'ಔಟ್‌ಗೋಯಿಂಗ್ ಸರ್ವರ್' ಪುಟದಲ್ಲಿ 'ನನ್ನ ಎಸ್‌ಎಂಟಿಪಿ ಸರ್ವರ್‌ಗೆ ಗುರುತು ಬೇಕು' ಎಂಬರ್ಥದ ಚೌಕಕ್ಕೆ ಗುರುತು ಹಾಕದೆ ಬಿಡುವುದೇ ರಿಲೇ ದೋಷದ ದೊಡ್ಡ ಮೂಲ.

ಏನು ಮಾಡಿದರೂ ತಿಳಿಯದಿದ್ದರೆ ಥಂಡರ್‌ಬರ್ಡ್ ಮತ್ತು ಸರ್ವರ್ ಆಡಿದ ಮಾತನ್ನೇ ನೋಡಬಹುದು. ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ 'ಕಾನ್ಫಿಗ್ ಎಡಿಟರ್'ನಲ್ಲಿ 'ಮೇಲ್‌ನ್ಯೂಸ್ ಡಾಟ್ ಎಸ್‌ಎಂಟಿಪಿ ಡಾಟ್ ಲಾಗ್‌ಲೆವೆಲ್' ಎಂಬುದನ್ನು ಹುಡುಕಿ 'ಆಲ್' ಎಂದು ಮಾಡಿ. ಕಂಟ್ರೋಲ್, ಶಿಫ್ಟ್, ಜೆ ಮೂರನ್ನೂ ಒಟ್ಟಿಗೆ ಒತ್ತಿದರೆ ಎರರ್ ಕನ್ಸೋಲ್ ತೆರೆಯುತ್ತದೆ. ಈಗ ಒಂದು ಮೇಲ್ ಕಳಿಸಿದರೆ 220, 250, 235 ಎಲ್ಲ ಸಾಲಾಗಿ ಬರುತ್ತವೆ. ಎಲ್ಲಿ ನಿಂತಿತೋ ಅಲ್ಲಿದೆ ದೋಷ. ಇದನ್ನು ಇನ್ನೊಬ್ಬರಿಗೆ ತೋರಿಸುವ ಮೊದಲು ಒಮ್ಮೆ ಪೂರ್ತಿ ಓದಿ, ವಿಳಾಸಗಳನ್ನು ಅಳಿಸಿ. 'ಆತ್' ಪದದ ಮುಂದೆ ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಕಂಡರೆ ಅದನ್ನು ಖಂಡಿತ ತೆಗೆಯಿರಿ. ಅದು ಪಾಸ್‌ವರ್ಡಿನ ಇನ್ನೊಂದು ಬರಹವಷ್ಟೇ, ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಿ ಓದಬಹುದು. ಕೆಲಸ ಮುಗಿದ ಮೇಲೆ ಆ ಸೆಟ್ಟಿಂಗನ್ನು ಮೊದಲಿದ್ದಂತೆ ಮಾಡಿ.

ಮೇಲ್ ಹೋಗತೊಡಗಿದ ಮೇಲೆ ನಿಮಗೆ ನೀವೇ ಒಂದು, ಬೇರೆ ಸೇವೆಯಲ್ಲಿರುವ ಇನ್ನೊಂದು ವಿಳಾಸಕ್ಕೆ ಒಂದು ಪರೀಕ್ಷೆಗೆಂದು ಕಳಿಸಿ. ಎರಡನೆಯದು ಜಿಮೇಲ್ ಆಗಿದ್ದರೆ ಬ್ರೌಸರ್‌ನಲ್ಲಿ ಆ ಮೇಲ್ ತೆರೆದು ಮೂರು ಚುಕ್ಕೆಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ. ಕಳಿಸಿದವರ ವಿಳಾಸ ಅಸಲಿಯೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಪರೀಕ್ಷೆಗಳ ಸಾಲುಗಳು ಮೇಲ್ಗಡೆಯೇ ಇರುತ್ತವೆ. ಅವುಗಳ ಎದುರು 'ಪಾಸ್' ಎಂದಿದ್ದರೆ ಮೇಲ್ ಸರಿಯಾದ ಸರ್ವರ್ ಮೂಲಕವೇ ಹೋಗಿದೆ. 'ಫೇಲ್' ಎಂದಿದ್ದರೆ ಅಕೌಂಟ್ ಪುಟದ ತಳದಲ್ಲಿರುವ ಆ ಸರ್ವರ್ ಆಯ್ಕೆಯನ್ನು ಇನ್ನೊಮ್ಮೆ ನೋಡಿ. ಅದು ಸರಿಯಿದ್ದರೆ ಡೊಮೇನ್ ನೋಡಿಕೊಳ್ಳುವವರಿಗೆ ಆ ಸಾಲುಗಳನ್ನು ಹಾಗೆಯೇ ಕಳಿಸಿಕೊಡಿ.